ಗಂಗೈಕೊಂಡ ಚೋಳನನ್ನು ಪೂರ್ತಿ ಬೆಲೆಗೆ ಕೊಳ್ಳಬೇಕೇ?

ದಿಂಬಂ ಘಾಟಿಯ 27 ತಿರುವು ಇಳಿದು ಕಾಲೇಜಿಗೆ ಹೋದ ನಮ್ಮ ಹಳೆಯ ಹುಡುಗನೊಬ್ಬ ರಜೆಗೆ ಊರಿಗೆ ಬಂದವನು ಶಾಲೆಯ ಕಡೆ ಬಂದಿದ್ದ. ಮಾತಿನ ನಡುವೆ ಕೇಳಿದ: "ಸಾ, ಏಜ್ ಆಫ್ ಎಂಪೈರ್ಸ್ ಆಟಕ್ಕೆ ನಮ್ಮ ದೇಶದ ರಾಜರ ಎಕ್ಸ್‌ಪ್ಯಾನ್ಶನ್ ಬಂದದ. ಫುಲ್ ರೇಟ್ ಕೊಟ್ಟು ತಕ್ಕಳದಾ, ಬ್ಯಾಡವಾ?"

ಮೇಷ್ಟ್ರುಗಳನ್ನು ಕೇಳುವ ಪ್ರಶ್ನೆಯೇ ಇದು ಎಂದು ನಗಬೇಡಿ. ನಮ್ಮ ದೊಡ್ಡಗಾಜನೂರಿನಲ್ಲಿ ಹುಡುಗರು ಕೂಡಿಟ್ಟ ದುಡ್ಡು ಎಲ್ಲಿಗೆ ಹೋಗುತ್ತದೆ ಎನ್ನುವುದು ನಮಗೂ ಮುಖ್ಯ. ಅದಕ್ಕಿಂತ, ಅವನು ಕೇಳಿದ್ದು ಇತಿಹಾಸದ ಸರಕಿನ ಬೆಲೆ. ಹಾಗಾಗಿ ನಾಲ್ಕು ದಿನ ಅವನ ಪಕ್ಕದಲ್ಲೇ ಕುಳಿತು ನೋಡಿದೆವು.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಎಕ್ಸ್‌ಪ್ಯಾನ್ಶನ್ ಎಂದರೆ ಮೂಲ ಆಟದ ಮೇಲೆ ಹಾಕಿಕೊಳ್ಳುವ ಹೆಚ್ಚುವರಿ ಭಾಗ. ಮೂಲ ಆಟ ಇಲ್ಲದೆ ಇದು ನಡೆಯದು. ಈ ಆಟ ಮೊದಲು ಬಂದದ್ದು 1999ರಲ್ಲಿ, ಹೊಸ ರೂಪದಲ್ಲಿ ಬಂದದ್ದು 2019ರಲ್ಲಿ. ಇದರಲ್ಲಿ ಭಾರತದವರಿಗೆ ಒಂದು ಪಡೆ ಸಿಕ್ಕಿದ್ದೇ 2013ರಲ್ಲಿ. ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಎಲ್ಲರೂ ಬರೀ 'ಇಂಡಿಯನ್ಸ್'. 2022ರ ಏಪ್ರಿಲ್‌ನಲ್ಲಿ 'ಡೈನಸ್ಟೀಸ್ ಆಫ್ ಇಂಡಿಯಾ' ಬಂದಾಗ ಆ ಹಳೆಯ ಪಡೆಗೆ 'ಹಿಂದೂಸ್ತಾನೀಸ್' ಎಂದು ಹೆಸರು ಬದಲಿಸಿ, ಬಂಗಾಳಿಗಳು, ಗುರ್ಜರರು, ದ್ರಾವಿಡರು ಎಂಬ ಮೂರು ಪಡೆಗಳನ್ನು ಹೊಸದಾಗಿ ಸೇರಿಸಿದರು. ಜೊತೆಗೆ ಮೂರು ಕಥಾನಕ: ಬಾಬರ್, ದೇವಪಾಲ, ರಾಜೇಂದ್ರ ಚೋಳ. ಅಮೆರಿಕದಲ್ಲಿ ಬಿಡುಗಡೆಯ ಬೆಲೆ 9.99 ಡಾಲರ್.

ಮೂರು ಪಡೆ, ಮೂರು ಕಥೆ. ಲೆಕ್ಕಕ್ಕೆ ಮೋಸವಿಲ್ಲ. 1025ರಲ್ಲಿ ಕಡಲು ದಾಟಿ ಶ್ರೀವಿಜಯದ ಮೇಲೆ ದಂಡೆತ್ತಿ ಹೋದ ರಾಜೇಂದ್ರನಿಗೆ ಒಂದು ಕಥೆ ಸಲ್ಲಲೇಬೇಕು. ಅದರಲ್ಲಿ ನಮಗೆ ಹೊಟ್ಟೆಕಿಚ್ಚಿಲ್ಲ. ನಮ್ಮ ಮಕ್ಕಳು ತಮಿಳುನಾಡಿನ ಪಠ್ಯವನ್ನೇ ಕನ್ನಡದಲ್ಲಿ ಓದುವವರು, ಚೋಳರು ಅವರಿಗೆ ಪರಕೀಯರಲ್ಲ.

ನಮ್ಮ ತಕರಾರು ಇರುವುದು 'ದ್ರಾವಿಡರು' ಎಂಬ ಪಡೆಯ ಮೇಲೆ. ಕನ್ನಡ ನಾಡನ್ನು ಆಳಿದವರೆಲ್ಲ ಈ ಒಂದು ಕೊಡೆಯ ಕೆಳಗೇ ನಿಲ್ಲಬೇಕು. ಆದರೆ ಪಡೆಯನ್ನು ಎರಕ ಹೊಯ್ದಿರುವುದು ಚೋಳರ ಅಚ್ಚಿನಲ್ಲಿ: ಹಡಗು ಬಲ, ಕಾಲಾಳು ಬಲ, ಕುದುರೆ ದುರ್ಬಲ. ಅರಬ್ಬರಿಂದ, ಪೋರ್ಚುಗೀಸರಿಂದ ಕುದುರೆ ಕೊಳ್ಳಲು ಹೊನ್ನು ಸುರಿದ ವಿಜಯನಗರ ಈ ಅಚ್ಚಿಗೆ ಎಲ್ಲಿ ಕೂರುತ್ತದೆ? ಹಂಪಿಯ ಮಹಾನವಮಿ ದಿಬ್ಬದ ಗೋಡೆಯಲ್ಲಿ ಸಾಲು ಸಾಲಾಗಿ ಕೆತ್ತಿರುವ ಕುದುರೆಗಳನ್ನು ನೋಡಿದವರು ಹೇಳಲಿ.

ಹಾಗೆಂದು ಕನ್ನಡ ಪೂರ್ತಿ ಇಲ್ಲ ಎನ್ನುವ ಹಾಗೂ ಇಲ್ಲ! ದ್ರಾವಿಡರ ಕಾಲಾಳುಗಳಿಗೆ 'ವೂಟ್ಸ್ ಸ್ಟೀಲ್' ಎಂಬ ವಿದ್ಯೆ ಕಲಿಸಿದರೆ ಅವರ ಕತ್ತಿಗೆ ಎದುರಾಳಿಯ ಕವಚ ಲೆಕ್ಕಕ್ಕಿಲ್ಲ. ಈ 'ವೂಟ್ಸ್' ಯಾವ ಭಾಷೆ ಎಂದು ಹುಡುಗನನ್ನು ಕೇಳಿದೆವು. ಇಂಗ್ಲಿಷ್ ಎಂದ. ಅದು ನಮ್ಮ 'ಉಕ್ಕು' ಕಣಪ್ಪಾ, 18ನೇ ಶತಮಾನದ ಕೊನೆಯಲ್ಲಿ ಇಂಗ್ಲಿಷಿನವರ ಬರಹದಲ್ಲಿ ಹಾಗೆ ತಿರುಚಿಕೊಂಡಿತು ಎಂದು ನಿಘಂಟುಗಳೇ ಹೇಳುತ್ತವೆ ಎಂದಾಗ ಅವನು ಆಟ ನಿಲ್ಲಿಸಿ ನಮ್ಮ ಮುಖ ನೋಡಿದ.

ನಮ್ಮ ತಲೆಮಾರಿಗೆ ಈ ಕೆಲಸ ಮಾಡಿದ್ದು ಸಿನಿಮಾ. ಇದೇ ಗಾಜನೂರಿನ ಮುತ್ತುರಾಜರು ರಾಜ್‌ಕುಮಾರ್ ಆಗಿ 1967ರಲ್ಲಿ ಇಮ್ಮಡಿ ಪುಲಿಕೇಶಿ, 1970ರಲ್ಲಿ ಶ್ರೀಕೃಷ್ಣದೇವರಾಯ, 1975ರಲ್ಲಿ ಮಯೂರ ಆದರು. ಟೆಂಟಿನಲ್ಲಿ ನೆಲಕ್ಕೆ ಕುಳಿತು ನೋಡಿದವರಿಗೆ ಆ ರಾಜರ ಮುಖ ಇಂದಿಗೂ ಅದೇ. ಅಲ್ಲೂ ಇತಿಹಾಸಕ್ಕೆ ಬಣ್ಣ ಬಳಿದಿದ್ದರು, ಇಲ್ಲ ಎನ್ನುವುದಿಲ್ಲ. ಆದರೆ ಕೊಟ್ಟ ಟಿಕೆಟ್ಟಿಗೆ ನಮ್ಮ ರಾಜ ನಮ್ಮ ಮಾತಿನಲ್ಲಿ ಬಂದು ಹೋಗುತ್ತಿದ್ದ.

ಹಾಗಾಗಿ ಅವನಿಗೆ ನಾವು ಹೇಳಿದ್ದು: ಪೂರ್ತಿ ಬೆಲೆಗೆ ಬೇಡ. ಸ್ಟೀಮ್ ಅಂಗಡಿಯಲ್ಲಿ ಬೇಸಿಗೆಗೊಮ್ಮೆ, ಚಳಿಗಾಲಕ್ಕೊಮ್ಮೆ ರಿಯಾಯಿತಿ ಹಾಕುತ್ತಾರೆ. ಅರ್ಧಕ್ಕೆ ಇಳಿದಾಗ ತೆಗೆದುಕೋ. ರಾಜೇಂದ್ರನ ಕಥೆಗೆ ಅಷ್ಟು ಕೊಡಬಹುದು. ಕದ್ದ ಪ್ರತಿ ಮಾತ್ರ ಬೇಡ. (ಒಂದು ಕಾಲದಲ್ಲಿ ನಾವೇ ಅಂಥ ಸಿ.ಡಿ. ಹಾಕಿ ಆಡಿದ್ದುಂಟು, ಅದು ಬೇರೆ ಮಾತು.)

ಅಲ್ಲಿಯವರೆಗೆ? ಮೂಲ ಆಟದಲ್ಲೇ 'ಸಿನಾರಿಯೋ ಎಡಿಟರ್' ಎಂಬುದೊಂದಿದೆ. ನದಿ, ಕೋಟೆ, ಕಾಡು ಇಟ್ಟು ನಮ್ಮ ಯುದ್ಧ ನಾವೇ ಕಟ್ಟಬಹುದು, ಅದಕ್ಕೆ ಬೇರೆ ದುಡ್ಡಿಲ್ಲ. ಇಂಥದ್ದೊಂದು ಬಾಗಿಲಿದೆ ಎಂದು ಎಷ್ಟೋ ವರ್ಷ ಆಡಿದವನಿಗೂ ಗೊತ್ತಿರಲಿಲ್ಲ! ತಲಕಾಡನ್ನು ಕಟ್ಟು ಎಂದೆವು. ಸುಮಾರು 1004ರಲ್ಲಿ ಚೋಳರು ಗಂಗರಿಂದ ಅದನ್ನು ಕಿತ್ತುಕೊಂಡು ರಾಜರಾಜಪುರ ಎಂದು ಹೆಸರಿಟ್ಟರು. ನೂರು ವರ್ಷ ಕಳೆದು, 1116ರ ಹೊತ್ತಿಗೆ, ಹೊಯ್ಸಳ ವಿಷ್ಣುವರ್ಧನ ಚೋಳರ ಅಧಿಕಾರಿ ಅಡಿಯಮನನ್ನು ಸೋಲಿಸಿ 'ತಲಕಾಡುಗೊಂಡ' ಎನಿಸಿಕೊಂಡ. ಅತ್ತ ಒಬ್ಬ ಗಂಗೈಕೊಂಡ, ಇತ್ತ ಒಬ್ಬ ತಲಕಾಡುಗೊಂಡ. ಎರಡೂ ಕಡೆಯ ಕಥೆ ಗೊತ್ತಿರುವ ಮಕ್ಕಳು ನಮ್ಮಂಥ ಗಡಿ ಶಾಲೆಗಳಲ್ಲಲ್ಲದೆ ಇನ್ನೆಲ್ಲಿ ಸಿಗುತ್ತಾರೆ?

ಹುಡುಗ ಕಾವೇರಿಯ ತಿರುವನ್ನು ಮೂರು ಸಲ ಅಳಿಸಿ ಬರೆದನಂತೆ. ಮೊನ್ನೆ ರಾತ್ರಿ ಹತ್ತೂವರೆಗೆ ಅವನ ಮೆಸೇಜು: "ಸಾ, ಕೀರ್ತಿನಾರಾಯಣನ ಗುಡಿ ಯುದ್ಧಕ್ಕೆ ಮೊದ್ಲೇ ಇತ್ತಾ, ಆಮೇಲೆ ಕಟ್ಸಿದ್ದಾ?"

ಗೆದ್ದ ಮೇಲೆ ಕಟ್ಟಿಸಿದ್ದು, ಸದ್ಯಕ್ಕೆ ಆ ಜಾಗ ಖಾಲಿ ಬಿಡು ಎಂದು ಉತ್ತರ ಹಾಕಿದೆವು.