ಟೆಹಾಡಾಗೆ ಸಲ್ಲದ ಲೆಕ್ಕ

ಬೇಸ್‌ಬಾಲ್ ಗಂಧವೇ ಇಲ್ಲದವರನ್ನೂ ಮೈಕಲ್ ಲೂಯಿಸ್ ಅವರ ‘ಮನಿಬಾಲ್’ ಹಿಡಿದು ಕೂರಿಸುತ್ತದೆ. 2003ರಲ್ಲಿ ಬಂದ ಈ ಪುಸ್ತಕದ ಕಥೆ ಸೊಗಸಾಗಿದೆ. ಕೈಯಲ್ಲಿ ಕಾಸಿಲ್ಲದ ಓಕ್ಲೆಂಡ್ ಅಥ್ಲೆಟಿಕ್ಸ್ ತಂಡ 2002ರಲ್ಲಿ ಆಟಗಾರರ ಸಂಬಳಕ್ಕೆ ಇಟ್ಟಿದ್ದು ಸುಮಾರು 4 ಕೋಟಿ ಡಾಲರ್, ಗೆದ್ದದ್ದು 103 ಪಂದ್ಯ. ಅದರ ಮೂರು ಪಟ್ಟು ಸುರಿದ ನ್ಯೂಯಾರ್ಕ್ ಯಾಂಕೀಸ್ ಗೆದ್ದದ್ದೂ 103.

ಇದು ಆಟಗಾರರನ್ನು ಆರಿಸಲು ಬಳಸಿದ ಅಂಕಿಅಂಶದ ಗೆಲುವು ಎಂದು ಒಂದು ಬಣ, ಪಳಗಿದ ಕಣ್ಣನ್ನು ಲೆಕ್ಕ ಮೀರಿಸಲಾರದು ಎಂದು ಇನ್ನೊಂದು ಬಣ. ಎರಡು ದಶಕದಿಂದ ಜಗಳ ನಡೆದೇ ಇದೆ. ಪುರುಸೊತ್ತಿನಲ್ಲಿ ಪುಸ್ತಕ ಹಿಡಿದ ಓದುಗನಿಗೆ ಮಾತ್ರ ಬೇರೆಯದೇ ಪ್ರಶ್ನೆ ಎದುರಾಗುತ್ತದೆ: ಆ ತಂಡ ಅಷ್ಟು ಅಗ್ಗವಾಗಿದ್ದದ್ದು ಹೇಗೆ?

ಆ ವರ್ಷ ಅಮೆರಿಕನ್ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದ ಮಿಗೆಲ್ ಟೆಹಾಡಾ ಓಕ್ಲೆಂಡ್‌ನವರು. ಅತ್ಯುತ್ತಮ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಪಡೆದ ಬ್ಯಾರಿ ಝೀಟೊ ಕೂಡ ಅಲ್ಲಿನವರೇ. ಜೊತೆಗೆ ಪಿಚರ್‌ಗಳಾದ ಟಿಮ್ ಹಡ್ಸನ್, ಮಾರ್ಕ್ ಮಲ್ಡರ್. ಇವರೇ ತಂಡದ ಬೆನ್ನೆಲುಬು. ಪುಸ್ತಕದ ನಾಯಕ ಬಿಲ್ಲಿ ಬೀನ್ 1997ರ ಕೊನೆಗೆ ಜನರಲ್ ಮ್ಯಾನೇಜರ್ ಆಗುವ ಮೊದಲೇ ಟೆಹಾಡಾ ಮತ್ತು ಹಡ್ಸನ್ ಸಂಸ್ಥೆ ಸೇರಿಯಾಗಿತ್ತು.

ಇವರೆಲ್ಲ ಅಗ್ಗಕ್ಕೆ ಆಡಿದ್ದಕ್ಕೆ ಯಾವ ಸೂತ್ರವೂ ಕಾರಣವಲ್ಲ, ಲೀಗ್‌ನ ನಿಯಮ ಕಾರಣ. ಆರು ವರ್ಷ ಸೇವೆ ಮುಗಿಯುವ ತನಕ ಆಟಗಾರ ತಾನು ಬಯಸಿದ ತಂಡಕ್ಕೆ ಹೋಗುವಂತಿಲ್ಲ. ಅಷ್ಟು ಕಾಲ ಅವನ ದುಡಿಮೆಯ ಲಾಭ ಮಾಲೀಕನಿಗೆ. ಗಡುವು ಮುಗಿದದ್ದೇ ಓಕ್ಲೆಂಡ್‌ನಲ್ಲಿದ್ದ ಜೇಸನ್ ಜಿಯಾಂಬಿ 12 ಕೋಟಿ ಡಾಲರ್‌ಗೆ ಯಾಂಕೀಸ್ ಸೇರಿದರು. ಟೆಹಾಡಾ 2003ರ ಋತು ಮುಗಿಸಿ 7.2 ಕೋಟಿಗೆ ಬಾಲ್ಟಿಮೋರ್‌ಗೆ ಹೊರಟರು. ಅವರ ನಿಜವಾದ ಬೆಲೆ ಅದು. ಮಾಲೀಕರಿಗೆ ಉಳಿದ ಈ ಹಣವನ್ನು ಬುದ್ಧಿವಂತಿಕೆಯ ಫಲ ಎಂದು ಕೊಂಡಾಡುವುದು ಆಡಿದವರಿಗೆ ಮಾಡುವ ಅನ್ಯಾಯ.

ಬೀನ್ ಅವರ ಜಾಣತನ ಸುಳ್ಳಲ್ಲ. ಮೊಣಕೈ ಕೆಟ್ಟು ಕ್ಯಾಚರ್ ಕೆಲಸಕ್ಕೆ ಎರವಾದ ಸ್ಕಾಟ್ ಹ್ಯಾಟೆಬರ್ಗ್ ಕೆಟ್ಟ ಎಸೆತಗಳನ್ನು ಹೊಡೆಯದೆ ಬಿಟ್ಟು ಬೇಸ್ ತಲುಪಬಲ್ಲರು ಎಂದು ಲೆಕ್ಕ ಗುರುತಿಸಿತು. ಎಲ್ಲರೂ ಕೈಬಿಟ್ಟವನಿಗೆ ಕೆಲಸ ಸಿಕ್ಕಿತು. ಪುಸ್ತಕದ ಅತ್ಯಂತ ಮಾನವೀಯ ಪುಟಗಳು ಅವೇ.

2002ರ ಸೆಪ್ಟೆಂಬರ್ 4ರಂದು ಸತತ 20ನೇ ಗೆಲುವು ತಂದ ಹೋಮ್ ರನ್ ಹ್ಯಾಟೆಬರ್ಗ್ ಅವರದು. ಈ ಪುಸ್ತಕ ಆಧರಿಸಿದ 2011ರ ಸಿನಿಮಾ ಅಲ್ಲಿ ಮೈಮರೆಯುತ್ತದೆ. ಅದಕ್ಕೂ ಮುಂಚಿನ ಎರಡು ಪಂದ್ಯಗಳನ್ನು, 18ನೆಯದನ್ನೂ 19ನೆಯದನ್ನೂ, ಕೊನೆಯ ಹೊಡೆತದಲ್ಲಿ ಗೆದ್ದುಕೊಟ್ಟದ್ದು ಟೆಹಾಡಾ.