ಕಿರುತೆರೆಯೂ ಗೆಳತಿಯರ ಬಾಳೂ

ನಾಟಕವು ಜೀವನದ ಪ್ರತಿಬಿಂಬವೆಂದು ನಮ್ಮ ಅಧ್ಯಾಪಕರು ತರಗತಿಯಲ್ಲಿ ಹಲವು ಬಾರಿ ಹೇಳಿದ್ದಾರೆ. ಆ ಮಾತು ದಿಟವಾದರೆ, ಕನ್ನಡಿಯು ಕೆಲವರ ಮುಖವನ್ನು ತೋರಿ ಕೆಲವರ ಮುಖವನ್ನು ಮರೆಸಬಾರದಷ್ಟೆ. ಹಿಂದೆ ನಮ್ಮ ಹಿರಿಯರು ಎತ್ತಿನ ಗಾಡಿ ಕಟ್ಟಿಕೊಂಡು ಕಂಪನಿ ನಾಟಕಕ್ಕೆ ಹೋಗುತ್ತಿದ್ದರಂತೆ. ಇಂದು ನಾಟಕಶಾಲೆಯೇ ನಡುಮನೆಗೆ ಬಂದು ಕುಳಿತಿದೆ. ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ-ಸೊಸೆಯರ ಜಗಳ, ಕಳೆದುಹೋದ ತಾಳಿ, ಮುರಿದುಬಿದ್ದ ನಿಶ್ಚಿತಾರ್ಥ ಇವೆಲ್ಲವನ್ನೂ ನಾವು ತಪ್ಪದೆ ನೋಡುತ್ತೇವೆ. ಆದರೆ ಹೆಣ್ಣನ್ನೇ ಪ್ರೀತಿಸುವ ಹೆಣ್ಣಿನ ಬಾಳನ್ನು ಈ ಪೆಟ್ಟಿಗೆಯಲ್ಲಿ ಎಂದಾದರೂ ಕಂಡಿದ್ದೇವೆಯೆ? ಈ ಪ್ರಶ್ನೆಯನ್ನು ಸಹಪಾಠಿಗಳ ಮತ್ತು ಪೂಜ್ಯ ಅಧ್ಯಾಪಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹೊರದೇಶದಲ್ಲಿ ಇಂಥ ಪ್ರಯತ್ನ ನಡೆದು ಬಹುಕಾಲವಾಯಿತು. ಅಮೆರಿಕದಲ್ಲಿ 2004ರಿಂದ 2009ರವರೆಗೆ 'ದಿ ಎಲ್ ವರ್ಡ್' ಎಂಬ ಧಾರಾವಾಹಿ ಪ್ರಸಾರವಾಯಿತು. ಲಾಸ್ ಏಂಜಲೀಸ್ ನಗರದ ಕೆಲವು ಸಲಿಂಗಪ್ರೇಮಿ ಗೆಳತಿಯರ ಸುಖದುಃಖಗಳೇ ಅದರ ವಸ್ತು. ಅವರು ಕಾಫಿ ಅಂಗಡಿಯಲ್ಲಿ ಸೇರುತ್ತಾರೆ, ಹರಟುತ್ತಾರೆ, ಮುನಿಯುತ್ತಾರೆ, ಒಬ್ಬಳಿಗೆ ಕಾಯಿಲೆಯಾದರೆ ಮಿಕ್ಕವರು ಹಾಸಿಗೆಯ ಬಳಿ ನಿಲ್ಲುತ್ತಾರೆ.

ಅಷ್ಟು ದೂರವೇಕೆ? ನಮ್ಮ ಬೆಂಗಳೂರಿನಲ್ಲೇ 2016ರಲ್ಲಿ ರೂಪಾ ರಾವ್ ಎಂಬ ನಿರ್ದೇಶಕಿ 'ದಿ ಅದರ್ ಲವ್ ಸ್ಟೋರಿ' ಎಂಬ ಹನ್ನೆರಡು ಕಂತುಗಳ ಧಾರಾವಾಹಿಯನ್ನು ತಯಾರಿಸಿದರು. ಅದಕ್ಕೆ ಬೇಕಾದ ಹಣ ಸಾರ್ವಜನಿಕರ ವಂತಿಗೆಯಿಂದ ಕೂಡಿಬಂತು. ತೆರೆ ಕಂಡದ್ದು ಯೂಟ್ಯೂಬಿನಲ್ಲಿ. 1990ರ ದಶಕದ ಬೆಂಗಳೂರು. ಆದ್ಯಾ ಮತ್ತು ಆಚಲ್ ಎಂಬ ಇಬ್ಬರು ಕಾಲೇಜು ಹುಡುಗಿಯರು. ಮೊಬೈಲು ಇಲ್ಲದ ಕಾಲದಲ್ಲಿ ಮನೆಯ ದೂರವಾಣಿಯೊಂದೇ ಆಸರೆಯಾಗಿ ಬೆಳೆದ ಒಲವು. ಇದೇ ನಿರ್ದೇಶಕಿ 2019ರಲ್ಲಿ 'ಗಂಟುಮೂಟೆ' ಎಂಬ ಕನ್ನಡ ಚಿತ್ರವನ್ನೂ ಮಾಡಿದರು. ಹಾಸನದ ವಿದ್ಯಾರ್ಥಿನಿಲಯದಲ್ಲಿ ನಾವು ಐವರು ಒಂದೇ ಮೊಬೈಲಿನ ಸುತ್ತ ಕುಳಿತು ಆ ಧಾರಾವಾಹಿಯನ್ನು ನೋಡಿದೆವು. ಅದರಲ್ಲಿ ಅಸಹ್ಯವೆಂಬುದು ನಮಗೇನೂ ಕಾಣಲಿಲ್ಲ. ದೂರವಾಣಿಯ ಗಂಟೆಗಾಗಿ ಕಾಯುವ ಹುಡುಗಿಯ ಮುಖ ಮಾತ್ರ ಮನಸ್ಸಿನಲ್ಲಿ ಉಳಿಯಿತು.

ಇಂಥ ವಸ್ತುವನ್ನು ಎತ್ತಿಕೊಂಡರೆ ಸಾಮಾನ್ಯವಾಗಿ ಮೂರು ಆಕ್ಷೇಪಣೆಗಳು ಬರುತ್ತವೆ. ಒಂದು, ಇದು ಅಶ್ಲೀಲ. ಎರಡು, ಇದು ಪರದೇಶದ ರೋಗ. ಮೂರು, ಇದರಿಂದ ಹೆಣ್ಣುಮಕ್ಕಳು ಕೆಡುತ್ತಾರೆ.

ಮೊದಲನೆಯದಕ್ಕೆ ನಮ್ಮ ಜಿಲ್ಲೆಯ ಹೆಸರೇ ಉತ್ತರ ಹೇಳುತ್ತದೆ. ಅರಕಲಗೂಡನ್ನು ತಮ್ಮ ಹೆಸರಿನ ಮೊದಲಲ್ಲೇ ಹೊತ್ತ ಅ. ನ. ಕೃಷ್ಣರಾಯರು 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಎಂಬ ಕಾದಂಬರಿಗಳಲ್ಲಿ ವೇಶ್ಯೆಯರ ಬಾಳನ್ನು ಚಿತ್ರಿಸಿದಾಗ ಅಶ್ಲೀಲವೆಂಬ ಕೂಗು ನಾಡಿನಲ್ಲೆಲ್ಲ ಎದ್ದಿತು. ಅದಕ್ಕೆ ಅವರು 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಗ್ರಂಥವನ್ನೇ ಬರೆದು ಉತ್ತರ ಕೊಟ್ಟರು. ಇಂದು ಅ.ನ.ಕೃ. ನಮ್ಮ ಹೆಮ್ಮೆ, ಅಂದಿನ ಕೂಗು ಇತಿಹಾಸ. 1998ರಲ್ಲಿ ದೀಪಾ ಮೆಹ್ತಾ ಅವರ 'ಫೈರ್' ಚಿತ್ರ ತೆರೆಗೆ ಬಂದಾಗ ಮುಂಬಯಿಯ ಚಿತ್ರಮಂದಿರಗಳ ಮೇಲೆ ದಾಳಿ ನಡೆಯಿತು. ಆ ಚಿತ್ರವೂ ಉಳಿಯಿತು. ಕಲ್ಲೆಸೆದವರ ವಾದ ಏನಿತ್ತೆಂದು ಈಗ ಎಷ್ಟು ಜನಕ್ಕೆ ನೆನಪಿದೆ?

ಎರಡನೆಯ ಮಾತು ವಿಚಿತ್ರವಾದುದು. ಇಂಥ ಸಂಬಂಧವನ್ನು ಅಪರಾಧವೆಂದು ಬಗೆದ 377ನೆಯ ಕಲಮು ಬಂದದ್ದೇ 1860ರ ಬ್ರಿಟಿಷರ ದಂಡಸಂಹಿತೆಯಿಂದ. ಪ್ರಾಪ್ತ ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತದ್ದು ನಮ್ಮದೇ ಸರ್ವೋಚ್ಚ ನ್ಯಾಯಾಲಯ. ಹಾಗಾದರೆ ಪರದೇಶದ್ದು ಯಾವುದು, ಪ್ರೀತಿಯೋ, ಅದರ ಮೇಲಿನ ದಂಡವೋ? 2023ರ ಅಕ್ಟೋಬರ್ 17ರಂದು ಅದೇ ನ್ಯಾಯಾಲಯವು ಇಂಥವರ ವಿವಾಹಕ್ಕೆ ಮಾನ್ಯತೆ ಕೊಡಲು ಒಪ್ಪದೆ, ಅದು ಶಾಸನಸಭೆಯ ಕೆಲಸವೆಂದಿತು ಎಂಬುದನ್ನೂ ಮರೆಯಲಾಗದು. ದಂಡ ಹೋಯಿತು, ಆಸರೆ ಇನ್ನೂ ಬಂದಿಲ್ಲ.

ಮೂರನೆಯ ಆಕ್ಷೇಪಣೆಯನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ನಮ್ಮ ಹಳ್ಳಿಗಳಲ್ಲಿ ಇಬ್ಬರು ಹುಡುಗಿಯರು ಕೈಕೈ ಹಿಡಿದು ನಡೆದರೆ ಯಾರೂ ಹುಬ್ಬೇರಿಸುವುದಿಲ್ಲ. ಒಂದೇ ಕಂಬಳಿ ಹೊದ್ದು ಮಲಗಿದರೆ 'ಅಕ್ಕತಂಗಿಯರ ಹಾಗೆ ಇದ್ದಾರೆ' ಎಂದು ಮೆಚ್ಚುತ್ತಾರೆ. ಅವರಲ್ಲೊಬ್ಬಳು 'ನನಗೆ ಮದುವೆ ಬೇಡ' ಎಂದ ದಿನವೇ ಮನೆಯಲ್ಲಿ ಬಿರುಗಾಳಿ ಏಳುತ್ತದೆ. ಆದುದರಿಂದ ನಮ್ಮ ಸಮಾಜ ಹೆದರುವುದು ಗೆಳತಿಯರ ಒಲವಿಗಿಂತ ಹೆಚ್ಚಾಗಿ, ಹೆಣ್ಣಿನ ಬಾಯಿಂದ ಬರುವ 'ಒಲ್ಲೆ' ಎಂಬ ಮಾತಿಗೆ. ಈ 'ಒಲ್ಲೆ' ಸಲಿಂಗಪ್ರೇಮಿಗೆ ಮಾತ್ರ ಸೇರಿದ್ದಲ್ಲ. ಓದಬೇಕೆನ್ನುವ ಹುಡುಗಿಗೂ, ಕೆಲಸಕ್ಕೆ ಹೋಗಬೇಕೆನ್ನುವ ಹುಡುಗಿಗೂ, ಸೋದರಮಾವ ಬೇಡವೆನ್ನುವ ಹುಡುಗಿಗೂ ಅದು ಬೇಕು. ಹೆಣ್ಣುಮಕ್ಕಳು ಕೆಡುತ್ತಾರೆಂಬ ಮಾತಿನಲ್ಲಿ 'ಕೆಡುವುದು' ಎಂದರೆ ತಮ್ಮ ಮನಸ್ಸನ್ನು ತಾವು ಹೇಳುವುದು ಎಂದೇ ಅರ್ಥವಾದರೆ, ನಾವು ಪದವಿ ಓದಿದ್ದು ಏತಕ್ಕೆ?

ಮೌನದಿಂದ ಆಗುವ ಕೇಡು ಸಣ್ಣದಲ್ಲ. ನೆರೆಯ ಕೇರಳದಲ್ಲಿ ಪರಸ್ಪರ ಪ್ರೀತಿಸಿದ ಹೆಣ್ಣುಮಕ್ಕಳು ಪ್ರಾಣ ಬಿಡುತ್ತಿದ್ದುದನ್ನು ಕಂಡು 2002ರಲ್ಲಿ 'ಸಹಯಾತ್ರಿಕಾ' ಎಂಬ ಸಂಸ್ಥೆ ಹುಟ್ಟಿತು. ಇಪ್ಪತ್ತು ವರ್ಷಗಳ ಮೇಲೆ, 2022ರ ಮೇ 31ರಂದು, ಮನೆಯವರು ಬೇರೆ ಮಾಡಿದ್ದ ಇಬ್ಬರು ಯುವತಿಯರು ಒಟ್ಟಿಗೆ ಬಾಳಬಹುದೆಂದು ಅಲ್ಲಿನ ಉಚ್ಚ ನ್ಯಾಯಾಲಯ ಹೇಳಿತು. ತನ್ನಂಥವಳು ಇನ್ನೊಬ್ಬಳಿದ್ದಾಳೆಂದು ತಿಳಿಯುವುದೇ ಒಂದು ಜೀವಕ್ಕೆ ಊರುಗೋಲಾಗಬಲ್ಲುದು. ಕಥೆಯು ಮಾಡಬಹುದಾದ ಉಪಕಾರ ಇದೇ.

ಆದರೂ ನನಗೆ ಈ ಧಾರಾವಾಹಿಗಳ ಮೇಲೆ ಒಂದು ಅಸಮಾಧಾನವುಂಟು. ಅಮೆರಿಕದ ಆ ಗೆಳತಿಯರಿಗೆ ಪ್ರೇಮಕ್ಕಿಂತ ಮೊದಲು ಸಂಬಳವಿದೆ, ಸ್ವಂತ ಮನೆಯಿದೆ, ಕಾರಿದೆ. ಬೆಂಗಳೂರಿನ ಹುಡುಗಿಯರಿಗೆ ಮನೆಯಲ್ಲಿ ದೂರವಾಣಿಯಾದರೂ ಇದೆ. ಹೊಳೆನರಸೀಪುರದಿಂದಲೋ ಚನ್ನರಾಯಪಟ್ಟಣದಿಂದಲೋ ಬೆಳಗಿನ ಬಸ್ಸಿನಲ್ಲಿ ನಿಂತು ಬರುವ ಹುಡುಗಿಗೆ ಏನಿದೆ? 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಉಚಿತ ಪ್ರಯಾಣವಿದೆ. ಮೂರು ವರ್ಷದ ಪದವಿಯಿದೆ. ಪರೀಕ್ಷೆ ಮುಗಿದೊಡನೆ ವರನ ಕಡೆಯವರು ಬರುತ್ತಾರೆ, ಗೆಳತಿಯರು ದಿಕ್ಕಿಗೊಬ್ಬರಾಗುತ್ತಾರೆ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆಲೂಗಡ್ಡೆ ಬೆಳೆದು ನನ್ನನ್ನು ಓದಿಸಿದ ತಂದೆತಾಯಿಯರನ್ನು ನಾನು ದೂಷಿಸಲಾರೆ. ಮಗಳು ನೆಲೆ ಕಾಣಲೆಂಬುದೇ ಅವರ ಆಸೆ. ಆದರೆ ನೆಲೆ ಎಂದರೆ ಗಂಡನ ಮನೆ ಒಂದೇ ಎಂಬ ನಂಬಿಕೆಯನ್ನು ಅವರಿಗೆ ದಿನವೂ ಬೋಧಿಸುತ್ತಿರುವುದು ಯಾರು? ಅದೇ ನಡುಮನೆಯ ಪೆಟ್ಟಿಗೆ.

ಟಿ. ಎನ್. ಸೀತಾರಾಮ್ ಅವರು ನ್ಯಾಯಾಲಯದ ವಾದವಿವಾದಗಳನ್ನು ಧಾರಾವಾಹಿಗೆ ತಂದಾಗ ಹಳ್ಳಿಯ ಜನವೂ ಕುಳಿತು ನೋಡಿದರು. ವಸುಧೇಂದ್ರರ 'ಮೋಹನಸ್ವಾಮಿ' 2013ರಲ್ಲಿ ಬಂದಾಗ ಗಂಡು ಗಂಡನ್ನು ಪ್ರೀತಿಸುವ ಬಾಳನ್ನು ಕನ್ನಡಿಗರು ಓದಿದರು. 'ನಾನು ಅವನಲ್ಲ ಅವಳು' ಚಿತ್ರಕ್ಕಾಗಿ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಾಗ ಎಲ್ಲರೂ ಹಿಗ್ಗಿದರು. ಕನ್ನಡಿಗರ ಎದೆ ಕಿರಿದೆಂದು ಹೇಳಲು ಹಾಗಾದರೆ ಆಧಾರವೆಲ್ಲಿ? ಗೆಳತಿಯರ ಸರದಿ ಮಾತ್ರ ಬಾಕಿ ಉಳಿದಿದೆ.

ಆದುದರಿಂದ ನನ್ನ ಬಿನ್ನಹವಿಷ್ಟೆ. ಈ ಕಥೆಯನ್ನು ಬೆಂಗಳೂರಿನವರೇ ಬರೆಯಲೆಂದು ನಾವು ಕಾಯಬೇಕಾಗಿಲ್ಲ. ಹೇಮಾವತಿಯ ದಡದಲ್ಲಿ ನಡೆಯುವ, ಬಸ್ಸು ನಿಲ್ದಾಣವೂ ಗದ್ದೆಯ ಬದುವೂ ಇರುವ ಒಂದು ಕಥೆಯನ್ನು ನಮ್ಮ ಕಾಲೇಜಿನ ಕನ್ನಡ ಸಂಘದವರು ನಾಟಕವಾಗಿ ಬರೆದು ಆಡಲಿ. ಅಧ್ಯಾಪಕರು ಅದನ್ನು ತಿದ್ದಿಕೊಡಲಿ, ವಿರೋಧಿಸುವವರು ವೇದಿಕೆಯ ಮೇಲೆಯೇ ವಿರೋಧಿಸಲಿ. ಮುಂದಿನ ವರ್ಷ ಈ ಬೆಂಚುಗಳಲ್ಲಿ ಬಂದು ಕೂರುವ ತಂಗಿಯರಲ್ಲಿ ಯಾರೋ ಒಬ್ಬಳು ಸಭಾಂಗಣದ ಕೊನೆಯ ಸಾಲಿನಲ್ಲಿ ನಿಂತು ಆ ನಾಟಕವನ್ನು ನೋಡಿದರೆ, ನಮ್ಮ ಓದಿಗೆ ಅದಕ್ಕಿಂತ ದೊಡ್ಡ ಸಾರ್ಥಕತೆ ಬೇರೊಂದು ಬೇಕಾಗಿಲ್ಲ.

— ಅಂತಿಮ ಬಿ.ಎ. ವಿದ್ಯಾರ್ಥಿನಿ