ಸೂಚಿಯ ಬೆಲೆ

ಅಮರಸಿಂಹನು ತನ್ನ ಕೋಶದಲ್ಲಿ ಪದಗಳನ್ನು ಅಕಾರಾದಿಯಾಗಿ ಜೋಡಿಸಲಿಲ್ಲ. ವಿಷಯಾನುಸಾರವಾಗಿ ವರ್ಗಗಳಲ್ಲಿ ಇರಿಸಿದನು. ಬಾಯಿಪಾಠ ಮಾಡಿದವರಿಗೆ ಇದರಿಂದ ತೊಂದರೆಯಿಲ್ಲ. ಉಳಿದ ನಮಗೆಲ್ಲ ಪುಸ್ತಕದ ಕೊನೆಯಲ್ಲಿ ಸಂಪಾದಕರು ಅಚ್ಚುಹಾಕಿಸುವ ಅಕಾರಾದಿ ಸೂಚಿಯೇ ಗತಿ. ಅದಿಲ್ಲದಿದ್ದರೆ ಮೊದಲ ಶ್ಲೋಕದಿಂದ ಕೊನೆಯವರೆಗೆ ಕಣ್ಣಾಡಿಸಬೇಕು. ಗಣಕಯಂತ್ರದ ಡೇಟಾಬೇಸಿಗೂ ಇದೇ ನ್ಯಾಯ ಸಲ್ಲುತ್ತದೆ.

ಕರ್ನಾಟಕದಲ್ಲಿ ಪ್ರತಿವರ್ಷ ಸುಮಾರು 8 ಲಕ್ಷ ವಿದ್ಯಾರ್ಥಿಗಳು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತುಕೊಳ್ಳುತ್ತಾರೆ. ಅವರ ಅಂಕಗಳನ್ನು ಒಂದೇ ಕೋಷ್ಟಕದಲ್ಲಿ, ಪುಟಕ್ಕೆ 100 ಸಾಲುಗಳಂತೆ ಬರೆದಿಟ್ಟಿದೆಯೆಂದು ಭಾವಿಸೋಣ. ಒಟ್ಟು 8,000 ಪುಟಗಳಾಗುತ್ತವೆ. ಸೂಚಿಯಿಲ್ಲದಿದ್ದರೆ ಒಬ್ಬನ ನೋಂದಣಿ ಸಂಖ್ಯೆಗಾಗಿ ಯಂತ್ರವು ಈ ಪುಟಗಳನ್ನೆಲ್ಲ ಮಗುಚಿಹಾಕಬೇಕು.

1970ರ ಸುಮಾರಿಗೆ ಅಮೆರಿಕದ ಬೋಯಿಂಗ್ ಸಂಸ್ಥೆಯ ಸಂಶೋಧನಾಲಯದಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ಎಂಬುವರು ‘ಬಿ-ಟ್ರೀ’ ಎಂಬ ಸೂಚೀವೃಕ್ಷವನ್ನು ರೂಪಿಸಿದರು. ಅದರ ಒಂದೊಂದು ಪುಟವೂ 500 ಕವಲುಗಳಿಗೆ ದಾರಿ ತೋರಿಸುವುದಾದರೆ, ಮೂರೇ ಮೆಟ್ಟಿಲುಗಳಲ್ಲಿ 500×500×500, ಎಂದರೆ 12.5 ಕೋಟಿ ಸಾಲುಗಳನ್ನು ಮುಟ್ಟಬಹುದು. ಸೂಚಿಯ ಮೂರು ಪುಟ, ಕೋಷ್ಟಕದ ಒಂದು ಪುಟ, ಒಟ್ಟು ನಾಲ್ಕು. ನಮ್ಮ 8 ಲಕ್ಷವು ನೂರ್ಮಡಿ ಬೆಳೆದರೂ ಈ ನಾಲ್ಕು ನಾಲ್ಕಾಗಿಯೇ ಉಳಿಯುವುದು!

ಹಾಗಾದರೆ ಪ್ರತಿಯೊಂದು ಕಾಲಮಿಗೂ ಸೂಚಿಯನ್ನು ಕಟ್ಟಿಬಿಡಬಾರದೇಕೆ ಎಂದು ಕೇಳುವವರುಂಟು. ಇದೂ ತಪ್ಪೆಂಬುದೇ ನಮ್ಮ ಅಭಿಪ್ರಾಯ. ಹೊಸ ಸಾಲೊಂದು ಸೇರಿದಾಗಲೆಲ್ಲ ಪ್ರತಿಯೊಂದು ಸೂಚಿಯನ್ನೂ ತಿದ್ದಬೇಕು; ಹತ್ತು ಸೂಚಿಗಳಿದ್ದರೆ ಒಂದೆಡೆ ಬರೆಯುವುದನ್ನು ಹನ್ನೊಂದೆಡೆ ಬರೆಯಬೇಕಾಗುತ್ತದೆ. ‘ತೇರ್ಗಡೆಯಾದವರು ಯಾರು ಯಾರು?’ ಎಂಬ ಪ್ರಶ್ನೆಗೆ ಕೋಷ್ಟಕದ ಬಹುಭಾಗವೇ ಉತ್ತರವಾಗುವಾಗ, ಸೂಚಿಗೂ ಸಾಲಿಗೂ ನೆಗೆದಾಡುವುದಕ್ಕಿಂತ ಕೋಷ್ಟಕವನ್ನೇ ನೇರವಾಗಿ ಓದುವುದು ಲೇಸು. ಹೆಸರಿನ ಸೂಚಿಯಾದರೋ ‘ಗೌಡ’ ಎಂದು ಕೊನೆಗೊಳ್ಳುವ ಹೆಸರುಗಳನ್ನು ಹುಡುಕಿಕೊಡಲಾರದು. ನಿಘಂಟಿನಲ್ಲಿ ಕೊನೆಯಕ್ಷರದಿಂದ ಪದವನ್ನು ಹುಡುಕಿ ಸೋತವರಿಗೆ ಇದರ ಕಾರಣವನ್ನು ಹೇಳಬೇಕಾಗಿಲ್ಲ.

ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ಸಾಲುಗಳ ಕೋಷ್ಟಕದ ಮೇಲೆ ಅಭ್ಯಾಸ ನಡೆಯುತ್ತದೆ. ಅಲ್ಲಿ ಸೂಚಿಯಿದ್ದರೂ ಇಲ್ಲದಿದ್ದರೂ ಉತ್ತರವು ಕ್ಷಣಮಾತ್ರದಲ್ಲಿ ಬರುವುದು. ಭೇದವು ಕಣ್ಣಿಗೆ ಕಾಣುವುದೇ ಇಲ್ಲ. ಹೀಗೆ ಕಲಿತವರೇ ಮುಂದೆ ಲಕ್ಷಾಂತರ ಜನರು ಏಕಕಾಲಕ್ಕೆ ಬಾಗಿಲು ತಟ್ಟುವ ವ್ಯವಸ್ಥೆಗಳನ್ನು ಕಟ್ಟುತ್ತಾರೆ. ಅದು ಕುಸಿದಾಗ ‘ಯಂತ್ರ ಸಾಲದು, ದೊಡ್ಡದನ್ನು ಕೊಳ್ಳಿ’ ಎನ್ನುತ್ತಾರೆ. ಖರ್ಚು ಸಾರ್ವಜನಿಕರದು, ಫಲಿತಾಂಶಕ್ಕಾಗಿ ಕಾಯುವ ಸಂಕಟ ಮಕ್ಕಳದು.

ಆದಕಾರಣ ಹತ್ತು ಲಕ್ಷ ಸಾಲುಗಳ ಕೋಷ್ಟಕವೊಂದು ಪ್ರತಿಯೊಂದು ಪ್ರಯೋಗಶಾಲೆಯಲ್ಲೂ ಇರಲೇಬೇಕು. ಗುರುಗಳು ಕೊಡದಿದ್ದರೆ ವಿದ್ಯಾರ್ಥಿಗಳೇ ಅದನ್ನು ತುಂಬಿಸಿಕೊಳ್ಳಲಿ. ‘ಎಕ್ಸ್‌ಪ್ಲೇನ್’ ಎಂಬ ಆಜ್ಞೆಯನ್ನಿತ್ತು ಯಂತ್ರವು ಹಿಡಿಯುವ ದಾರಿಯನ್ನು ನೋಡಲಿ. ಸೂಚಿಯನ್ನು ಕಟ್ಟುವ ಮೊದಲೂ ಕಟ್ಟಿದ ಮೇಲೂ ಓದಿನ ಕಾಲವನ್ನು ಅಳೆಯಲಿ. ಬರೆಯುವ ಕಾಲವನ್ನು ಅಳೆಯಲು ಮರೆಯದಿರಲಿ. ಯಂತ್ರದ ಬಲವನ್ನು ಹಣ ಕೊಟ್ಟು ಕೊಳ್ಳಬಹುದು. ಈ ವಿವೇಕವನ್ನು ಅಳೆದೇ ಸಂಪಾದಿಸಬೇಕು.